ಎಳೆಚಂದ್ರದ ಮರ

ಮರದ ಬೊಂಬೆಯ ಕೆಳಗೆ ಹಿಟ್ಟು ಬಿದ್ದಿರುತ್ತದೆಂದು ನಬೋರನಿಗೆ ಎತ್ತಿ ನೋಡುವ ಮೊದಲೇ ಗೊತ್ತಿತ್ತು, ಅದಕ್ಕೇ ಅವನು ಎತ್ತಲಿಲ್ಲ. ತಂಗಿ ದೆಲ್ಫೀನಾ ಅದನ್ನು ಅವನ ಕೆಲಸದ ಮೇಜಿನ ಮೇಲೆ, ಉಳಿ ಚಾಕುಗಳನ್ನು ತಾನೇ ಪಕ್ಕಕ್ಕೆ ಸರಿಸಿ, ಬಿಳಿ ಬಟ್ಟೆ ಹಾಸಿ ಮಲಗಿಸಿ ಹೋಗಿದ್ದಳು. ಅವಳು ಅಂಗಳ ದಾಟಿ ತನ್ನ ಮನೆಯೊಳಗೆ ಹೋದದ್ದು, ಒಳಗೆ ಜೋಳ ಅರೆಯುವ ಸದ್ದು ಶುರುವಾದದ್ದು, ಆ ಸದ್ದಿನ ಜತೆ ಅವಳು ಏನೋ ಗುನುಗತೊಡಗಿದ್ದು ಎಲ್ಲವೂ ಇಲ್ಲಿಗೆ ಕೇಳಿಸುತ್ತಿತ್ತು. ಗುನುಗುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ಇದೇ ಹೆಂಗಸು ಅದೇ ಮನೆಯ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಗುನುಗುವ ಹಾಗೆ ಮಾಡಿದ್ದು ನಾನು ಎಂದು ಅವನಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ತನ್ನ ಬಗ್ಗೆ ಹೇಸಿಗೆಯಾಯಿತು. ಹಬ್ಬದ ಹಿಂದಿನ ದಿನವಾದ್ದರಿಂದ ಬೀದಿಯಲ್ಲಿ ಎಲ್ಲ ಒಲೆಗಳೂ ಹೊಗೆಯಾಡುತ್ತಿದ್ದವು. ನಾಳೆ ಮೇಣದಬತ್ತಿಯ ಹಬ್ಬ. ಮನೆಮನೆಯ ಬಾಲಯೇಸುವಿಗೂ ಹೊಸ ಬಟ್ಟೆ ತೊಡಿಸಿ, ಮಗುವನ್ನು ಎತ್ತಿಕೊಂಡ ಹಾಗೆಯೇ ಎತ್ತಿಕೊಂಡು ಇಗರ್ಜಿಗೆ ಹೋಗಬೇಕು. ಊರಿನ ಲೆಕ್ಕಕ್ಕೆ ಈ ಬೊಂಬೆಯೂ ಬಾಲಯೇಸುವೇ. ದೆಲ್ಫೀನಾಗೆ ಮಾತ್ರ ಅದು ಲೀನೊ, ಎರಡು ಹಲ್ಲು ಮೂಡುವಷ್ಟರಲ್ಲಿ ಎದೆ ಕಟ್ಟಿ ತೀರಿಕೊಂಡ ಅವಳ ಮಗ.

“ಅಂಗಿ ತೋಳು ತೂರಿಸ್ತಿದ್ದೆ ಅಣ್ಣ, ಕಿರುಬೆರಳು ಪಟಕ್ ಅಂತ ಮುರೀತು. ದೇವರಾಣೆ, ನಾನು ಜೋರು ಮಾಡಿಲ್ಲ,” ಎಂದಿದ್ದಳು ಬಂದವಳೇ, ತಪ್ಪು ಮಾಡಿದ ಹುಡುಗಿಯ ಮುಖ ಹೊತ್ತು.

“ಅಲ್ಲಿಡು. ಅಂಟಿಸ್ತೀನಿ.”

“ಸಂಜೆ ಒಳಗೆ ಕೊಡ್ಬೇಕು. ಹೊಸ ಬಟ್ಟೆ ಅಂತ ಗೊತ್ತಾಗ್ಬಿಟ್ಟಿದೆ ಇವನಿಗೆ, ಬೆಳಿಗ್ಗೆಯಿಂದ ಎಷ್ಟು ಜೋರಾಗಿ ಉಸಿರಾಡ್ತಿದಾನೆ ಕೇಳು. ಕೇಳಣ್ಣ, ಕಿವಿ ಇಡು.”

ಅವನು ಬಗ್ಗಿ ಕಿವಿ ಇಟ್ಟಿದ್ದ. ಕಿರ್, ಕಿರ್ ಎಂದು ಒಳಗೆ ಸಣ್ಣ ಸದ್ದು, ನಿಂತು ಮತ್ತೆ ಕಿರ್. ಅವಳು ಮಗುವಿನ ಕಾಲ ಬಳಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತಲೆಯಾಡಿಸಿ ನಕ್ಕಿದ್ದ. ಆ ನಗು ಈಗಲೂ ಮುಖದ ಮೇಲೆ ಅಂಟಿನಂತೆ ಒಣಗಿ ಉಳಿದಿದೆಯೆನಿಸಿ ಅಂಗೈಯಿಂದ ಬಾಯಿ ಒರೆಸಿಕೊಂಡ. ಮುರಿದ ಬೆರಳನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಮುರಿದ ಕಡೆ ಮರವೇ ಇರಲಿಲ್ಲ. ಬಣ್ಣದ ತೆಳು ಸಿಪ್ಪೆ, ಅದರೊಳಗೆ ಹಳದಿ ಹಿಟ್ಟು.

ಬೊಂಬೆ ಕೆತ್ತುವ ಕೊಪಾಲ್ ಮರ ಕಡಿಯುವುದಕ್ಕೆ ಬಲಿತ ಚಂದ್ರ ಬೇಕು. ಇದನ್ನು ಈ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕಾದ ಹಂಚು ಮುಟ್ಟಬಾರದೆಂದು ಗೊತ್ತಿರುವ ಹಾಗೆ ಗೊತ್ತಿರುತ್ತದೆ. ಚಂದ್ರ ಎಳೆಯದಿದ್ದರೆ ಮರದ ರಸವೂ ಎಳೆಯದು, ಸಿಹಿ, ಹುಳ ಆ ಸಿಹಿಗೆ ಬಂದು ಒಳಗೇ ಸಂಸಾರ ಹೂಡುತ್ತದೆ. ಮೇಲೆ ಎಷ್ಟು ಚೆಂದದ ಬಣ್ಣ ಬಳಿದರೂ ಒಳಗಿಂದ ತಿನ್ನುತ್ತ ತಿನ್ನುತ್ತ ಒಂದು ದಿನ ಬರೀ ಬಣ್ಣ ಉಳಿಸುತ್ತದೆ. ಗೊತ್ತಿದ್ದೂ ಅವನು ಅಮಾವಾಸ್ಯೆ ಕಳೆದು ಗೆರೆಯಷ್ಟು ಚಂದ್ರ ಕಾಣುತ್ತಿದ್ದಾಗ ಗುಡ್ಡ ಹತ್ತಿದ್ದ. ಮಣ್ಣು ಮಾಡಿ ಬಂದ ಮೇಲೆ ದೆಲ್ಫೀನಾಳ ಎದೆಯಲ್ಲಿ ಹಾಲು ನಿಂತಿರಲಿಲ್ಲ. ರವಿಕೆ ಒದ್ದೆಯಾಗುತ್ತಿತ್ತು, ಮಡಿಲಲ್ಲಿ ಖಾಲಿ ಶಾಲು ಮಡಿಸಿಟ್ಟುಕೊಂಡು ಅದನ್ನೇ ತಟ್ಟುತ್ತಿದ್ದಳು, ಅನ್ನ ನೀರು ಮುಟ್ಟುತ್ತಿರಲಿಲ್ಲ. ಅವಳ ಗಂಡ ಉತ್ತರದ ಗಡಿಯಾಚೆ ಯಾರದೋ ತೋಟದಲ್ಲಿ ಟೊಮೆಟೊ ಕೀಳುತ್ತ ಫೋನಿನಲ್ಲಿ ಅಳುತ್ತಿದ್ದ. ನನಗೊಂದು ಮಗು ಕೆತ್ತಿಕೊಡು ಅಣ್ಣ, ಅವನ ಮುಖಾನೇ ಇರ್ಲಿ, ಎಂದು ಅವಳು ಕೇಳಿದಾಗ ಚಂದ್ರ ಬಲಿಯಲಿ ಎಂದು ಹೇಳುವುದು ಯಾವ ಬಾಯಿಂದ? ಇದು ನಿಜವಾದ ಕಾರಣ. ಇನ್ನೊಂದೂ ಇತ್ತು, ಅದೂ ಅಷ್ಟೇ ನಿಜ: ಪೆಟ್ಟಿಗೆಯಲ್ಲಿ ಮಲಗಿದ್ದ ಮಗುವಿನ ಮುಖ ಅವನ ಕೈಯಲ್ಲಿ ಬಿಸಿಯಾಗಿತ್ತು, ಕಾದರೆ ಹೋಗಿಬಿಡುತ್ತದೆ, ಆಮೇಲೆ ಅಂಥದ್ದೊಂದು ಮುಖ ಈ ಜನ್ಮದಲ್ಲಿ ಮತ್ತೆ ಕೈಗೆ ಬರುವುದಿಲ್ಲ ಎಂದು ಅನ್ನಿಸಿತ್ತು. ಸತ್ತ ಮಗುವಿನ ಎದುರು ನಿಂತು ಅವನಿಗೆ ಹೊಟ್ಟೆ ಹಸಿದವನ ಆತುರ ಹುಟ್ಟಿತ್ತು. ಕೊಂಬೆ ಕಡಿದು ಗೋಣಿಯಲ್ಲಿ ಸುತ್ತಿ, ಜನ ಕಾಣದ ಹಾದಿ ಹಿಡಿದು ಇಳಿಯುತ್ತಿದ್ದರೆ ತಿರುವಿನಲ್ಲೇ ದೋನ್ ಕಾಸ್ತುಲೊ ಎದುರಾಗಬೇಕೆ! ತಾತ, ಅಪ್ಪ, ತಾನು ಎಂದು ಮೂರು ತಲೆಯಿಂದ ಮರ ಕೆತ್ತುವ ಮನೆಯವನು, ಇಗರ್ಜಿಯ ಹಬ್ಬಗಳ ಯಜಮಾನಿಕೆ ಹೊತ್ತವನು.

“ಏನು ಕೊಂಪಾದ್ರೆ, ಈ ಚಂದ್ರನಲ್ಲಿ ಕೊಪಾಲ್?” ಎಂದ, ಊರಲ್ಲಿ ಗೆಳೆಯರನ್ನು ಕರೆಯುವ ಹಾಗೆ ಕರೆದು.

“ಒಲೆಗೆ, ದೋನ್ ಕಾಸ್ತುಲೊ.”

“ಒಲೆಗಾ! ನಾವೆಲ್ಲ ದೇವರಿಗೆ ಧೂಪ ಹಾಕೋ ಮರ ನಿಮ್ಮನೇಲಿ ಒಲೆಗೆ. ಸಾಹುಕಾರ ಆಗ್ಬಿಟ್ಟೆ ಬಿಡು.”

ಮುದುಕ ಬಿದ್ದು ಬಿದ್ದು ನಕ್ಕಿದ್ದ, ನಬೋರನೂ ಜತೆಗೂಡಿ ನಕ್ಕಿದ್ದ, ಹೆಗಲ ಮೇಲಿನ ಗೋಣಿಯೊಳಗಿಂದ ಹಸಿ ಮರದ ವಾಸನೆ ಬರುತ್ತಲೇ ಇತ್ತು.

“ಇನ್ನೂ ಮುಟ್ಟಿಲ್ವಾ?” ಎಂದಳು ಎರ್ಮೀಲಾ. ಅವನ ಹೆಂಡತಿ ಬಣ್ಣದ ಬಟ್ಟಲು ಹಿಡಿದುಕೊಂಡು ಯಾವಾಗ ಬಂದು ನಿಂತಳೋ ತಿಳಿಯಲಿಲ್ಲ. ಅವನು ಕೆತ್ತಿದ್ದಕ್ಕೆಲ್ಲ ಬಣ್ಣ ಬರೆಯುವವಳು ಅವಳೇ.

“ನೋಡ್ತಿದೀನಿ.”

“ನೋಡಿದ್ರೆ ಹುಳ ಸಾಯುತ್ತಾ?” ಅವಳು ಬೊಂಬೆಯನ್ನು ಒಂದು ಕೈಯಿಂದ ಎತ್ತಿ, ಬಟ್ಟೆಯ ಮೇಲೆ ಸಣ್ಣ ಸಣ್ಣ ಗುಡ್ಡೆಯಾಗಿ ಬಿದ್ದಿದ್ದ ಹಿಟ್ಟಿಗೆ ಬೆರಳು ಒತ್ತಿ ಅವನ ಮೂಗಿನ ಹತ್ತಿರ ಹಿಡಿದಳು. “ಇದನ್ನ ತಂದು ಮಾರೋಕೆ ಕೆತ್ತಿಟ್ಟ ಚಿರತೆಗಳ ಪಕ್ಕದಲ್ಲೇ ಮಲಗಿಸ್ಕೊಂಡಿದೀಯಲ್ಲ, ತಲೆ ಇದೆಯಾ ನಿಂಗೆ? ಎಷ್ಟು ಹಗುರ ಆಗಿದೆ ನೋಡು. ಬ್ರೆಡ್ಡು ಎತ್ತಿದ ಹಾಗಿದೆ.”

“ಕೊಂದ್ರೆ ಸದ್ದು ನಿಂತ್ಹೋಗುತ್ತೆ, ಎರ್ಮೀಲಾ.”

“ಕೊಲ್ಲದಿದ್ರೆ ಮಗೂನೇ ಉಳಿಯಲ್ಲ. ನಾಳೆ ಪಾದ್ರಿ ನೀರು ಚಿಮುಕಿಸ್ತಿರುವಾಗ ಅವಳ ಕೈಯಲ್ಲೇ ತಲೆ ಕಳಚಿ ಬಿದ್ರೆ ಏನ್ಮಾಡ್ತೀಯ? ಆಗ್ಲೂ ನೋಡ್ತಾ ನಿಲ್ತೀಯಾ?”

“ಹೇಳ್ಬಿಡ್ಲಾ ಅವಳಿಗೆ?”

“ಏನಂತ ಹೇಳ್ತೀಯ? ನಿನ್ನ ಮಗನ ಎದೇಲಿರೋದು ಹುಳ ಅಂತಲಾ? ನೀನೇ ಹೇಳ್ಕೋ ಮಹಾರಾಯ, ನನ್ನ ಬಾಯಿಂದ ಬರಲ್ಲ.”

ಅವಳು ಮಗುವನ್ನು ಮತ್ತೆ ಮಲಗಿಸಿದಳು. ಮಲಗಿಸುವಾಗ ಕತ್ತಿನ ಕೆಳಗೆ ಕೈ ಕೊಟ್ಟೇ ಮಲಗಿಸಿದಳು, ಅದು ಅವನ ಗಮನಕ್ಕೆ ಬಂತು. ಪೆಟ್ಟಿಗೆಯಲ್ಲಿಡುವ ಮುಂಚೆ ನಿಜವಾದ ಲೀನೊನಿಗೆ ಬಟ್ಟೆ ತೊಡಿಸಿದವಳೂ ಇವಳೇ. ದೆಲ್ಫೀನಾ ಗುಂಡಿ ಹಾಕಲು ಹೋಗಿ ಕೈ ಬಾರದೆ ಹೊರಗೆ ಓಡಿದ್ದಳು. ಆ ದಿನದಿಂದ ಆ ಮನೆಯಲ್ಲಿ ಒಲೆ ಹತ್ತಿದ್ದೇ ಅಪರೂಪ. ಬೊಂಬೆ ಮಾಡಿಕೊಟ್ಟ ಮೇಲೂ ಅಷ್ಟೇ, ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು, ನೋಡಿದವರಿಗೆ ಇಬ್ಬರಲ್ಲಿ ಮರದ್ದು ಯಾವುದೆಂದು ಅನುಮಾನ ಬರಬೇಕು. ಆಮೇಲೆ ಮಳೆಗಾಲ ಮುಗಿದು ಜೋಳ ಕೊಯ್ಯುವ ಹೊತ್ತಿಗೆ, ಒಂದು ಬೆಳಿಗ್ಗೆ ಬರಿಗಾಲಲ್ಲಿ ಅಂಗಳ ದಾಟಿ ಓಡಿ ಬಂದಿದ್ದಳು. ಅಣ್ಣ, ಉಸಿರಾಡ್ತಿದಾನೆ, ಎದೆ ಹತ್ರ ಕಿವಿ ಇಟ್ರೆ ಕೇಳುತ್ತೆ, ಆಗ ಕೊನೇಲಿ ಹೇಗೆ ಕಿರ್ ಕಿರ್ ಅಂತಿದ್ನೋ ಹಾಗೇ. ಅವನು ಆಗ ಕೈಯಲ್ಲಿ ಚಾಕು ಹಿಡಿದು ಕೂತಿದ್ದ. ಕಿವಿ ಇಟ್ಟ ಕೂಡಲೇ ಅರ್ಥವಾಗಿತ್ತು. ಆಗಲೇ ಹೇಳಿಬಿಡಬಹುದಿತ್ತು, ಆಗ ಹುಳ ಒಂದೋ ಎರಡೋ ಇದ್ದಿರಬೇಕು. ಅವಳು ಅವನ ಎರಡೂ ಮೊಣಕೈ ಹಿಡಿದುಕೊಂಡಿದ್ದಳು. ಹೌದಾ ಅಣ್ಣ, ಹೌದಾ? ಅವನು ಹೌದು ಅಂದುಬಿಟ್ಟ. ಅವತ್ತು ಮಧ್ಯಾಹ್ನ ಅವಳು ಇದೇ ಮನೆಗೆ ಬಂದು, ಬೀನ್ಸ್ ಪಲ್ಯ ಸುತ್ತಿ ತೋರ್ತಿಯಾ ರೊಟ್ಟಿ ತಿಂದಳು, ಇನ್ನೊಂದು ಕೇಳಿ ಹಾಕಿಸಿಕೊಂಡಳು, ಎರ್ಮೀಲಾ ಒಲೆಯ ಕಡೆ ತಿರುಗಿ ಅತ್ತಳು. ಹುಳ ತಿಂದಷ್ಟೂ ದೆಲ್ಫೀನಾ ಉಣ್ಣುತ್ತಿದ್ದಾಳೆ ಎಂಬ ಯೋಚನೆ ಈಚೆಗೆ ಅವನಿಗೆ ಊಟದ ಹೊತ್ತಿನಲ್ಲೇ ಬರುತ್ತದೆ.

ಹೊಸದೊಂದು ಕೆತ್ತಿಬಿಟ್ಟರೆ? ಬಲಿತ ಚಂದ್ರದಲ್ಲಿ ಕಡಿದು ಒಣಗಿಸಿದ ಒಳ್ಳೆಯ ತುಂಡು ಮೂಲೆಯಲ್ಲಿತ್ತು. ಎಳೆದು ತಂದು ಮೊಣಕಾಲಿನ ನಡುವೆ ಹಿಡಿದು ಚಾಕು ಇಟ್ಟ. ಕೈ ಹೊರಡಲಿಲ್ಲ. ಮಗುವಿನ ಮುಖ ನೆನಪು ಮಾಡಿಕೊಳ್ಳಲು ನೋಡಿದ, ಕಣ್ಣೆದುರು ಬಂದದ್ದು ತಾನು ಮಾಡಿದ ಮುಖ. ಮೂಗಿನ ತುದಿ ಒಂದು ಕೂದಲಿನಷ್ಟು ಎಡಕ್ಕೆ ತಿರುಗಿದ್ದು, ಅದು ಮಗುವಿನದೋ, ಅಲ್ಲಿ ಮರದ ಗಂಟು ಅಡ್ಡ ಬಂದದ್ದೋ? ಫೋನಿನಲ್ಲಿದ್ದ ಒಂದೇ ಫೋಟೋದಲ್ಲಿ ಟೋಪಿ ಕಣ್ಣಿನ ತನಕ ಇಳಿದಿದೆ. ಊರಿಗೆಲ್ಲ ಈಗ ಲೀನೊ ಎಂದರೆ ಈ ಬೊಂಬೆಯೇ, ಹೆತ್ತವಳಿಗೂ ಬಹುಶಃ ಇದೇ. ನಾನು ಅವಳ ಮಗನ ಮುಖವನ್ನು ಉಳಿಸಿದೆನೋ ಅಳಿಸಿದೆನೋ ಎಂದು ಅವನಿಗೆ ದಿಗಿಲಾಯಿತು. ಮೇಕೆ ಕಾಯುತ್ತಿದ್ದ ಹುಡುಗನಾಗಿದ್ದಾಗ ಇಂಥ ದಿಗಿಲು ಇರಲಿಲ್ಲ. ಗುಡ್ಡದ ಮೇಲೆ ಬಿಸಿಲಲ್ಲಿ ಕೂತು, ಮುಂದೆ ಮೇಯುತ್ತಿದ್ದುದನ್ನೇ ನೋಡಿ ನೋಡಿ ಕೆತ್ತಿದ್ದು. ಹೇಳಿಕೊಡಲು ಯಾರೂ ಇರಲಿಲ್ಲ, ತಪ್ಪಾದರೆ ತಲೆಗೆ ಹೊಡೆಯಲೂ ಇರಲಿಲ್ಲ. ಯಾರ ಹತ್ತಿರ ಕಲಿತೆ ಎಂದು ಹೊರಗಿನವರು ಕೇಳಿದಾಗ ಅವನು ತಡವರಿಸುತ್ತಿದ್ದರೆ ದೋನ್ ಕಾಸ್ತುಲೊ ಎಲ್ಲರೆದುರು ಉತ್ತರ ಕೊಟ್ಟಿದ್ದ: ಮೇಕೆಗಳ ಹತ್ತಿರ. ಎಲ್ಲರೂ ನಕ್ಕರು. ಅವನಿಗೆ ನೋವಾದದ್ದು ಮಾತು ಸುಳ್ಳಲ್ಲವೆಂದು. ಅವನ ಮೇಕೆಗಳು ನಿಂತರೆ ನಿಜವಾಗಿ ನಾಲ್ಕು ಕಾಲ ಮೇಲೆ ನಿಲ್ಲುತ್ತಿದ್ದವು, ಮುದುಕನ ಮನೆಯವು ಪಾಠ ಒಪ್ಪಿಸಿದ ಹಾಗೆ ಇರುತ್ತಿದ್ದವು. ಕಲಿಸದೇ ಬಂದದ್ದನ್ನು ಕಲಿತವರ ಮುಂದೆ ಮೆರೆಸಬೇಕೆಂಬ ಹಟವೇ ಅವತ್ತು ಎಳೆಚಂದ್ರದಲ್ಲಿ ಗುಡ್ಡ ಹತ್ತಿಸಿದ್ದಲ್ಲವೆ?

ನೆನೆದವನು ಬಾಗಿಲಲ್ಲೇ ಇದ್ದ. ನಾಳೆಯ ಪೂಜೆಗೆ ಯಾರ್ಯಾರ ಮಕ್ಕಳು ಬರುತ್ತವೆಂದು ಕೇಳಿಕೊಂಡು ದೋನ್ ಕಾಸ್ತುಲೊ ಮನೆಮನೆ ಸುತ್ತುತ್ತಿದ್ದ.

“ದೆಲ್ಫೀನಾಳ ಮಗೂನ ಮುಂದಿನ ಸಾಲಲ್ಲೇ ಇಡಿಸ್ತೀನಿ ಕೊಂಪಾದ್ರೆ. ಪಾಪ, ಅವಳ ಮುಖದಲ್ಲಿ ಈಗೀಗ ಕಳೆ ಬಂದಿದೆ,” ಎನ್ನುತ್ತ ಮುದುಕ ಮೇಜಿನ ಹತ್ತಿರ ಬಂದು, ಮುರಿದ ಬೆರಳನ್ನು ಎತ್ತಿಕೊಂಡ. ಕಣ್ಣಿನ ಹತ್ತಿರ ಹಿಡಿದ. ಉಫ್ ಎಂದು ಊದಿದ. ಹಳದಿ ಹಿಟ್ಟು ಹಾರಿ ಬಿಸಿಲ ಕೋಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ನಬೋರ್ ಈಗ ಮುದುಕ ನಗುತ್ತಾನೆಂದು ಕಾದ, ಮೇಕೆಯ ಮಾತು ಬರುತ್ತದೆಂದು ಕಾದ. ಬಂದಿದ್ದರೆ ಎಷ್ಟೋ ವಾಸಿಯಿತ್ತು.

“ಒಲೆಗೆ ಅಂದಿದ್ದೆ,” ಎಂದ ಮುದುಕ ಮೆಲ್ಲಗೆ.

ನಬೋರ್ ಮೊಣಕಾಲಿನ ನಡುವಿದ್ದ ತುಂಡನ್ನು ಕೆಳಗಿಟ್ಟ.

“ಇಗರ್ಜಿ ಪೀಠಾನೂ ಮರದ್ದೇ, ಸಂತರೂ ಮರದವರೇ. ನಮ್ಮ ತಾತನ ಕಾಲದವು. ಇದನ್ನ ನಾನು ಒಳಗೆ ಬಿಡಲ್ಲ. ಇವತ್ತೇ ಏನಾದ್ರೂ ಮಾಡು. ಇಲ್ಲಾ ಅಂದ್ರೆ ನಾಳೆ ಬಾಗಿಲಲ್ಲೇ ಅವಳನ್ನ ತಡೀಬೇಕಾಗುತ್ತೆ, ಯಾಕೆ ಅಂತ ಹೇಳ್ಬೇಕಾಗುತ್ತೆ. ನನ್ನ ಬಾಯಿಗೆ ಆ ಕೆಲಸ ಹಚ್ಬೇಡ ಕೊಂಪಾದ್ರೆ.”

“ಮಾಡ್ತೀನಿ ದೋನ್ ಕಾಸ್ತುಲೊ.”

“ಅವಳಿಗೆ ಗೊತ್ತಾ?”

“ಉಸಿರು ಅಂದ್ಕೊಂಡಿದಾಳೆ.”

ಮುದುಕ ಟೋಪಿ ತೆಗೆದ. ಬೆರಳನ್ನು ತೆಗೆದುಕೊಂಡ ಜಾಗದಲ್ಲೇ ಮತ್ತೆ ಇಟ್ಟು, ಬಾಗಿಲ ಹೊರಗೆ ಹೋದ ಮೇಲೆಯೇ ಟೋಪಿ ಹಾಕಿಕೊಂಡ. ತನ್ನನ್ನು ಜೀವಮಾನವಿಡೀ ಆಡಿಕೊಂಡವನು ಈಗ ಕನಿಕರ ತೋರಿಸಿದನಲ್ಲ, ಇದಕ್ಕಿಂತ ಕೆಳಗೆ ಬೀಳುವುದು ಇನ್ನೇನಿದೆ ಎಂದುಕೊಂಡ ನಬೋರ್.

ಮೇಕೆಗಳಿಗೆ ಚುಚ್ಚುವ ಸಿರಿಂಜು ಮಾಡಿನ ಸಂದಿಯಲ್ಲಿತ್ತು. ಮನೆ ಮುಂದೆ ನಿಂತಿದ್ದ ವ್ಯಾನಿನಿಂದ ಸೀಸೆಗೆ ಬಸಿದುಕೊಂಡು ಬಂದ ಪೆಟ್ರೋಲನ್ನು ಅದರಲ್ಲಿ ಎಳೆದುಕೊಂಡು, ಮೇಜಿನ ಹತ್ತಿರ ಬಂದು, ಬೊಂಬೆಯನ್ನು ಮಗ್ಗುಲಾಗಿ ತಿರುಗಿಸಿದ. ಬೆನ್ನ ಮೇಲೆ ಸೂಜಿಮೊನೆಯಷ್ಟು ಸಣ್ಣ ತೂತುಗಳು, ಅವನೆಣಿಸಿದ್ದಕ್ಕಿಂತ ತುಂಬ ಹೆಚ್ಚು. ಅಳ್ಳೆಯಲ್ಲಿ, ತೊಡೆಯ ಮಡಿಕೆಯಲ್ಲಿ, ಕಿವಿಯ ಹಿಂದೆ. ಚಿರತೆಗೋ ಕಪ್ಪೆಗೋ ಆದರೆ ಈ ಕೆಲಸವನ್ನು ಸಿಳ್ಳೆ ಹಾಕುತ್ತ ಮಾಡಿ ಮುಗಿಸುತ್ತಿದ್ದ. ಮೊದಲನೆಯ ತೂತಿಗೆ ಸೂಜಿ ತೂರಿಸಿದಾಗ ಎಡಗೈ ತನ್ನಷ್ಟಕ್ಕೆ ಹೋಗಿ ಮಗುವಿನ ತಲೆ ಹಿಡಿದುಕೊಂಡಿತು, ಮೇಕೆಮರಿ ಕೊಸರಾಡದಿರಲೆಂದು ಹಿಡಿಯುವ ಹಾಗೆ. ಸ್ವಲ್ಪ ಸ್ವಲ್ಪವಾಗಿ ಒತ್ತಿದ. ಒಂದು ತೂತಿಗೆ ಒತ್ತಿದರೆ ಇನ್ನೊಂದರಿಂದ ಹಳದಿ ನೀರು ಹೊರಬರುತ್ತಿತ್ತು, ಒರೆಸುತ್ತ ಹೋದ, ಮೇಣದಿಂದ ಮುಚ್ಚುತ್ತ ಹೋದ. ಕಿವಿ ಇಡಬಾರದೆಂದುಕೊಂಡಿದ್ದ, ಇಟ್ಟ. ಒಳಗೆ ಸದ್ದು ಕಡಿಮೆಯಾಗಿರಲಿಲ್ಲ, ಜಾಸ್ತಿಯಾಗಿತ್ತು. ಕಿರಕಿರಕಿರ ಎಂದು ಎಲ್ಲ ಕಡೆಯಿಂದ, ದಾರಿ ಹುಡುಕುವ ಅವಸರ. ಲೀನೊನ ಕೊನೆಯ ಸಂಜೆಯೂ ಹೀಗೇ ಆಗಿತ್ತು, ಉಸಿರು ಇದ್ದಕ್ಕಿದ್ದಂತೆ ಜೋರಾಯಿತು, ನೋಡಿ ವಾಸಿಯಾಗ್ತಿದೆ ಎಂದು ದೆಲ್ಫೀನಾ ಎಲ್ಲರನ್ನೂ ಕೂಗಿ ಕರೆದಿದ್ದಳು, ಎಲ್ಲರೂ ಮಂಚದ ಸುತ್ತ ನಿಂತು ಆ ಸದ್ದು ಕೇಳಿದ್ದರು. ಆಮೇಲೆ ನಡುನಡುವೆ ತಡೆ. ಆಮೇಲೆ ತಡೆಯೇ ಹೆಚ್ಚು. ಈಗಲೂ ಹಾಗೇ ಆಗುತ್ತಿದೆ, ಇವತ್ತು ಮಾಡುತ್ತಿರುವವನು ನಾನು ಎಂದುಕೊಂಡ. ಕೊನೆಗೆ ಒಂದೇ ಒಂದು ಉಳಿಯಿತು, ಎಡ ಎದೆಯ ಕಡೆ. ಅದು ಕೊರೆಯಿತು, ನಿಂತಿತು, ಕೊರೆಯಿತು. ಬದುಕಿಕೋ ಎಂದು ಅವನು ಜೋರಾಗಿಯೇ ಅಂದ. ಹುಳಕ್ಕೆ ಅಂದನೋ ಯಾರಿಗೆ ಅಂದನೋ ಅವನಿಗೇ ಗೊತ್ತಿರಲಿಲ್ಲ. ಅದೂ ನಿಂತ ಮೇಲೆ ಪೆಟ್ರೋಲಿನಿಂದ ಒದ್ದೆಯಾದ ಬೊಂಬೆಯ ಮೇಲೆ ಕೆನ್ನೆಯಿಟ್ಟು, ಹೆಂಡತಿ ಬಂದು ಭುಜ ಹಿಡಿದು ಎತ್ತುವ ತನಕ ಅತ್ತ.

“ಏಳು. ಒಣಗಿಸ್ಬೇಕು. ಬೆರಳು ಇನ್ನೂ ಇಟ್ಟಿಲ್ಲ ನೀನು,” ಎಂದಳು ಎರ್ಮೀಲಾ.

ಬಲಿತ ಚಂದ್ರದ ತುಂಡಿನಿಂದಲೇ ಕಿರುಬೆರಳು ಕೆತ್ತಿದ. ಬೆರಳಿಗೆ ಯಾರ ಮುಖವೂ ಬೇಕಾಗಿರಲಿಲ್ಲ, ಸಲೀಸಾಗಿ ಬಂತು. ಅಂಟಿಸಿ ಒಣಗಿದ ಮೇಲೆ ಎರ್ಮೀಲಾ ಬಣ್ಣ ಬಳಿದು, ಮೂರು ಕೂದಲಿನ ಕುಂಚದಿಂದ ಉಗುರು ಬರೆದಳು. ವಾಸನೆ ಹೋಗಲೆಂದು ಮಗುವನ್ನು ಬಿಸಿಲಿಗಿಟ್ಟರು, ಬೀಸಣಿಗೆ ಬೀಸಿದರು. ಅವನು ಕೆಂಡದ ಮಡಕೆಗೆ ಕೊಪಾಲಿನ ಅಂಟು ಹಾಕಿ ಧೂಪ ಎಬ್ಬಿಸಿದಾಗ ಎರ್ಮೀಲಾ, “ಆ ಕಡೆ ಇಡು ಮಾರಾಯ, ಮಗು ಮನೆ ಎಲ್ಲ ಒಟ್ಟಿಗೇ ಸುಟ್ಹೋದೀತು,” ಎಂದು ಗದರಿದಳು. ದೆಲ್ಫೀನಾಗೆ ಏನು ಹೇಳುವುದೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಅವನು ಮನಸ್ಸಿನಲ್ಲೇ ಒಂದೊಂದು ಮಾತು ಮಾಡಿಟ್ಟುಕೊಂಡ. ನಿದ್ದೆ ಮಾಡ್ತಿದಾನೆ ಅನ್ನಬಹುದು. ನಾಳೆ? ನಾಳಿದ್ದು? ಚಳಿಗೆ ಹಾಗಾಗುತ್ತದೆ ಅನ್ನಬಹುದು. ಅವಳು ಮತ್ತೆ ತಟ್ಟೆ ಪಕ್ಕಕ್ಕೆ ಸರಿಸಿ ಗೋಡೆಗೆ ಮುಖ ಮಾಡಿ ಮಲಗುವ ದಿನ ಕಣ್ಣಿಗೆ ಕಟ್ಟಿತು.

ಬಿಸಿಲು ಇಳಿಯುವ ಹೊತ್ತಿಗೆ ದೆಲ್ಫೀನಾ ಬಂದಳು. ಹೊಲಿದಿಟ್ಟ ಬಿಳಿ ಅಂಗಿ ತೋಳ ಮೇಲೆ ಇತ್ತು, ಕೂದಲಿಗೆ ಎಣ್ಣೆ ಹಾಕಿ ಬಾಚಿದ್ದಳು.

“ಅತ್ನಾ?” ಎಂದಳು ನಗುತ್ತ.

“ಇಲ್ಲ.”

“ನಿನ್ನ ಕೈಯಲ್ಲಿ ಅಳಲ್ಲ ಅವನು. ಕೊಡು ಇಲ್ಲಿ.”

ಅವನು ಕೊಡಲಿಲ್ಲ. ಮಗುವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬೆನ್ನಿಗೆ ಅಂಗೈ ಕೊಟ್ಟು ನಿಂತ. ಅವಳು ಹೊಸ ಬೆರಳನ್ನು ನೋಡಿದಳು, ಮುತ್ತು ಕೊಟ್ಟಳು, ದಿನವೂ ಮಾಡುವ ಹಾಗೆ ತಲೆ ವಾರೆ ಮಾಡಿ ಮಗುವಿನ ಎದೆಗೆ ಕಿವಿ ಇಟ್ಟಳು. ಎರ್ಮೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ದೆಲ್ಫೀನಾಳ ಹುಬ್ಬು ಸ್ವಲ್ಪ ಕೂಡಿತು. ಕಿವಿಯನ್ನು ಎಡಕ್ಕೆ ಸರಿಸಿ ಒತ್ತಿದಳು. ಕಾದಳು. ಅವಳ ತುಟಿ ಬಿಳಿಚುತ್ತ ಬಂದದ್ದನ್ನು ನಬೋರ್ ನೋಡಿದ. ಮಗುವಿನ ಬೆನ್ನ ಹಿಂದೆ, ಅವಳಿಗೆ ಕಾಣದ ಕಡೆ, ಅವನ ಹೆಬ್ಬೆರಳಿನ ಉಗುರು ಮರವನ್ನು ಕೆರೆಯಿತು.

ಕಿರ್.

ಅವಳ ರೆಪ್ಪೆ ಅದುರಿತು. ಕಿರ್, ಕಿರ್. ಅವನು ನಿಲ್ಲಿಸಿ, ಉಸಿರಿನಷ್ಟು ಬಿಟ್ಟು, ಮತ್ತೆ ಕೆರೆದ. ಅಷ್ಟು ಚೆನ್ನಾಗಿ ಅವನ ಕೈ ಯಾವತ್ತೂ ಕೆಲಸ ಮಾಡಿರಲಿಲ್ಲ, ಹುಳವೂ ಇಷ್ಟು ನಿಜವಾಗಿ ಉಸಿರಾಡಿರಲಿಲ್ಲ. ದೆಲ್ಫೀನಾ ಕಣ್ಣು ಮುಚ್ಚಿದಳು. ಮುಖ ಸಡಿಲವಾಯಿತು. ಇನ್ನು ಇದನ್ನು ಬಿಡುವಂತಿಲ್ಲ, ಅವಳು ಹೋದಲ್ಲೆಲ್ಲ ಈ ಉಗುರೂ ಹೋಗಬೇಕು, ಇಗರ್ಜಿಗೆ, ಅವಳ ಮಂಚದ ಪಕ್ಕಕ್ಕೆ, ಜೀವ ಇರುವ ತನಕ ಎಂದು ಅವನು ಹುಚ್ಚನಂತೆ ಕೆರೆಯುತ್ತಲೇ ಇದ್ದ.

ಆಗ ಅವಳ ಕೈ ಮಗುವಿನ ಬೆನ್ನನ್ನು ಬಳಸಿ ಬಂತು. ಕಿವಿ ತೆಗೆಯದೆ, ಕಣ್ಣು ತೆರೆಯದೆ, ಅವಳು ಅವನ ಹೆಬ್ಬೆರಳನ್ನು ಹುಡುಕಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಸಾಕು ಬಿಡಣ್ಣ,” ಎಂದಳು. “ಮಲಗ್ಲಿ.”

ಎಷ್ಟೋ ಹೊತ್ತು ಹಾಗೇ ನಿಂತಿದ್ದಳು, ಏನೂ ಕೇಳದ ಎದೆಗೆ ಕಿವಿಯಿಟ್ಟು. ಆಮೇಲೆ ಮಗುವನ್ನು ಅವನ ಕೈಯಿಂದ ಬಿಡಿಸಿಕೊಂಡು ಮೇಜಿನ ಮೇಲೆ ಮಲಗಿಸಿ, ಬಿಳಿ ಅಂಗಿ ಬಿಡಿಸಿದಳು. ಹೊಸ ಬೆರಳು ಸಿಕ್ಕಿಕೊಳ್ಳದ ಹಾಗೆ ತೋಳು ತೂರಿಸಿದಳು. ನೆರವಿಗೆ ಹೋದ ಎರ್ಮೀಲಾಳನ್ನು, “ನಾನೇ ಹಾಕ್ತೀನಿ ಅತ್ತಿಗೆ,” ಎಂದು ತಡೆದು, ಗುಂಡಿಗಳನ್ನು ಒಂದೊಂದಾಗಿ, ಕುತ್ತಿಗೆಯ ತನಕ, ತಾನೇ ಹಾಕಿದಳು. ನಬೋರ್ ಅವಳ ಕಾಲ ಬಳಿ ಕೂತಿದ್ದ. ಅಂಗಿಯ ಅಂಚಿಗೆ ಕೈ ಚಾಚಿದ.

“ಕೈ ತೊಳ್ಕೊಂಡು ಬಾ ಅಣ್ಣ,” ಎಂದಳು ದೆಲ್ಫೀನಾ, ಅಂಗಿಯ ಸುಕ್ಕು ನೀವುತ್ತ. “ಪೆಟ್ರೋಲ್ ವಾಸನೆ ಬರ್ತಿದೆ.”